ಶಾಲೆಯಲ್ಲಿ ಮಗುವಿನ ಪರವಾಗಿ ಕೇಳುವುದು ಹೇಗೆ: ವಿಶೇಷ ಅಗತ್ಯವುಳ್ಳ ಮಕ್ಕಳ ಪೋಷಕರಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ಮಗ ಒಂದನೇ ತರಗತಿಗೆ ಸೇರಿದ ಮೊದಲ ತಿಂಗಳು ಅವನ ನೀರಿನ ಬಾಟಲಿ ಬೆಳಿಗ್ಗೆ ತುಂಬಿಸಿ ಕಳಿಸಿದ ಹಾಗೆಯೇ ಸಂಜೆ ಮನೆಗೆ ಬರುತ್ತಿತ್ತು. ಬೈದೆ, ರಮಿಸಿದೆ, ಬಾಟಲಿಯನ್ನೇ ಬದಲಾಯಿಸಿದೆ. ಕೊನೆಗೊಂದು ದಿನ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಶಾಲೆಗೆ ಹೋದಾಗ ವಿಷಯ ತಿಳಿಯಿತು. ಶೌಚಾಲಯದ ಬಾಗಿಲಿನಲ್ಲಿ ಒಂದು ಎತ್ತರದ ಮೆಟ್ಟಿಲು, ಒಳಗೆ ಹಿಡಿದುಕೊಳ್ಳಲು ಏನೂ ಇಲ್ಲ, ನೆಲವೆಲ್ಲ ಒದ್ದೆ. ಸೆರೆಬ್ರಲ್ ಪಾಲ್ಸಿಯಿಂದ ಎಡಗಾಲು ಬಿಗಿದುಕೊಂಡಿರುವ ಆರು ವರ್ಷದ ಹುಡುಗ ಅಲ್ಲಿ ಒಮ್ಮೆ ಜಾರಿ ಬಿದ್ದಿದ್ದ. ಆಮೇಲೆ ಅವನೇ ಕಂಡುಕೊಂಡ ಉಪಾಯವೆಂದರೆ ದಿನವಿಡೀ ನೀರು ಕುಡಿಯದೇ ಇರುವುದು.

ಆ ತಿಂಗಳಲ್ಲಿ ‘ಸ್ವಲ್ಪ ನೋಡಿಕೊಳ್ಳಿ ಮೇಡಂ’ ಎಂದು ನಾನು ಹತ್ತು ಸಲವಾದರೂ ಹೇಳಿದ್ದೆ. ‘ಆಗಲಿ ಅಮ್ಮ’ ಎಂದು ಅವರೂ ಅಷ್ಟೇ ಸಲ ಹೇಳಿದ್ದರು. ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಆದರೆ ಏನನ್ನು ನೋಡಿಕೊಳ್ಳಬೇಕೆಂದು ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಮರುದಿನ ಒಂದು ಹಾಳೆಯಲ್ಲಿ ಎರಡೇ ಸಾಲು ಬರೆದುಕೊಟ್ಟೆ. ಗೋಡೆಗೆ, ಮಗುವಿನ ಸೊಂಟದ ಎತ್ತರಕ್ಕೆ, ಒಂದು ಕಬ್ಬಿಣದ ಹಿಡಿಕೆ ಬೇಕು. ಮೆಟ್ಟಿಲಿನ ಮುಂದೆ ಅದರ ಅರ್ಧ ಎತ್ತರದ ಇನ್ನೊಂದು ಮೆಟ್ಟಿಲು ಬೇಕು. ಹತ್ತು ದಿನಗಳಲ್ಲಿ ಎರಡೂ ಆದವು. ಬಾಟಲಿ ಖಾಲಿಯಾಗಿ ಬರತೊಡಗಿತು.

ಅಂದಿನಿಂದ ಎಂಟು ವರ್ಷ ನನ್ನ ಮಗನಿಗಾಗಿ, ಜತೆಗೆ ಬೇರೆ ತಂದೆತಾಯಂದಿರೊಂದಿಗೆ, ಶಾಲೆ ಮತ್ತು ಕಚೇರಿಗಳಿಗೆ ಓಡಾಡಿದ್ದೇನೆ. ಕೇಳುವುದನ್ನು ಸಣ್ಣದಾಗಿ, ಸ್ಪಷ್ಟವಾಗಿ, ಬರವಣಿಗೆಯಲ್ಲಿ ಕೇಳಿದವರಿಗೆ ಸಿಕ್ಕಿದೆ. ಗಟ್ಟಿಯಾಗಿ ಅತ್ತವರಿಗೂ ಗಟ್ಟಿಯಾಗಿ ಜಗಳವಾಡಿದವರಿಗೂ ಸಿಕ್ಕಿದ್ದು ಕಡಿಮೆ. ಕರ್ನಾಟಕದ ಶಾಲೆಗಳಲ್ಲಿ ಅದನ್ನು ಹೇಗೆ ಮಾಡುವುದೆಂದು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಕಾನೂನಿನಲ್ಲಿ ನಿಮಗೆ ಬೇಕಾದಷ್ಟನ್ನು ಓದಿಕೊಳ್ಳಿ

ವಕೀಲರಾಗುವ ಅಗತ್ಯವಿಲ್ಲ. ಎರಡು ಕಾಯ್ದೆಗಳ ನಾಲ್ಕೈದು ಸೆಕ್ಷನ್ ತಿಳಿದಿದ್ದರೆ ಸಾಕು.

ಮೊದಲನೆಯದು ವಿಕಲಚೇತನರ ಹಕ್ಕುಗಳ ಅಧಿನಿಯಮ 2016. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು, ಇದರಲ್ಲಿ 21 ಇವೆ. ಆಟಿಸಂ, ಡಿಸ್ಲೆಕ್ಸಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆ, ವಾಕ್ ಮತ್ತು ಭಾಷಾ ನ್ಯೂನತೆ, ತಲಸ್ಸೇಮಿಯಾ ಎಲ್ಲವೂ ಸೇರಿವೆ. ಸೆಕ್ಷನ್ 16 ನಮಗೆ ಅತಿ ಮುಖ್ಯ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆ, ಅಂದರೆ ಮಾನ್ಯತೆ ಪಡೆದ ಖಾಸಗಿ ಶಾಲೆಗೂ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡ ಮತ್ತು ಸೌಲಭ್ಯಗಳು ಮಗುವಿಗೆ ಎಟುಕುವಂತಿರಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು, ಸಾರಿಗೆ ಸೌಲಭ್ಯ ಒದಗಿಸಬೇಕು ಎಂದು ಅದು ಹೇಳುತ್ತದೆ. ಸೆಕ್ಷನ್ 17ರಲ್ಲಿ ಪರೀಕ್ಷೆಯ ಹೆಚ್ಚುವರಿ ಸಮಯ, ಲಿಪಿಕಾರರ (ಮಗು ಹೇಳಿದ ಉತ್ತರವನ್ನು ಬರೆದುಕೊಡುವವರ) ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಬರುತ್ತವೆ. ಸೆಕ್ಷನ್ 31ರ ಪ್ರಕಾರ ಶೇ 40 ಅಥವಾ ಹೆಚ್ಚಿನ ನ್ಯೂನತೆಯಿರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ನೆರೆಹೊರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆ ಮಗುವಿನದೇ ಹೊರತು ಮುಖ್ಯ ಶಿಕ್ಷಕರದಲ್ಲ.

ಎರಡನೆಯದು ಶಿಕ್ಷಣ ಹಕ್ಕು ಕಾಯ್ದೆ 2009. ಇದರ ಸೆಕ್ಷನ್ 13 ಪ್ರವೇಶಕ್ಕೆ ಮೊದಲು ಮಗುವನ್ನಾಗಲಿ ಪೋಷಕರನ್ನಾಗಲಿ ಸಂದರ್ಶನ, ಪರೀಕ್ಷೆಗಳ ಮೂಲಕ ಸೋಸುವುದನ್ನು ನಿಷೇಧಿಸುತ್ತದೆ. ಮೊದಲ ಉಲ್ಲಂಘನೆಗೆ 25,000 ರೂಪಾಯಿವರೆಗೆ, ನಂತರದ ಪ್ರತಿಯೊಂದಕ್ಕೂ 50,000 ರೂಪಾಯಿವರೆಗೆ ದಂಡವಿದೆ. 2012ರ ತಿದ್ದುಪಡಿ ತೀವ್ರ ಮತ್ತು ಬಹುವಿಧ ನ್ಯೂನತೆಯ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನೂ ಕೊಟ್ಟಿತು.

ಶೇ 40ರ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ‘ನಿಮ್ಮ ಮಗುವಿಗೆ ಶೇ 30 ಇದೆ, ಏನೂ ಸಿಗುವುದಿಲ್ಲ’ ಎಂಬ ಮಾತು ಕೇಳಿ ಎಷ್ಟೋ ಮಂದಿ ಮನೆಗೆ ಮರಳಿದ್ದಾರೆ. ವಿದ್ಯಾರ್ಥಿವೇತನ, ಮೀಸಲಾತಿಯಂತಹ ಸವಲತ್ತುಗಳಿಗೆ ಶೇ 40 ಬೇಕು, ನಿಜ. ತಾರತಮ್ಯ ಮಾಡಬಾರದು ಎಂಬ ನಿಯಮಕ್ಕೂ ತರಗತಿಯ ಹೊಂದಾಣಿಕೆಗಳಿಗೂ ಆ ಗಡಿ ಇಲ್ಲ. ಬರೆಯುವಾಗ ಕೈ ಸೆಳೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಲಿಪಿಕಾರರನ್ನು ಕೇಳಿ ಕೋರ್ಟಿಗೆ ಹೋದಾಗ, 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ವಿಕಾಶ್ ಕುಮಾರ್ ಪ್ರಕರಣ ಎಂದು ಕರೆಯುವ ಈ ತೀರ್ಪಿನ ನಂತರ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇರುವವರಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಈ ಎರಡು ಸಾಲನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಒಂದು ಫೈಲು ಮಾಡಿ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಾಕ್ಸ್ ಫೈಲು ಸಾಕು. ಎಲ್ಲಕ್ಕಿಂತ ಮೇಲೆ ಯುಡಿಐಡಿ ಕಾರ್ಡಿನ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯ, ಪ್ರತಿ ಇರಲಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆಗೆ ಮಗುವನ್ನು ಕರೆದೊಯ್ಯಬೇಕು. ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, ಅದಕ್ಕೂ ಮೇಲ್ಪಟ್ಟರೆ ನೀಲಿ ಪಟ್ಟಿಯ ಕಾರ್ಡು ಬರುತ್ತದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಎಲ್ಲರೂ ವಿ.ಆರ್.ಡಬ್ಲ್ಯೂ ಎಂದೇ ಕರೆಯುವ ಇವರು ಸ್ವತಃ ವಿಕಲಚೇತನರೇ ಆಗಿರುವುದು ಹೆಚ್ಚು. ಅರ್ಜಿ ತುಂಬುವುದರಿಂದ ಹಿಡಿದು ಆಸ್ಪತ್ರೆಯ ಸಾಲಿನವರೆಗೆ ಎಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತಿರುತ್ತದೆ.

ಮಗುವಿಗೆ ಏನು ತೊಂದರೆ ಎಂದು ಇನ್ನೂ ಖಚಿತವಾಗಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿರುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಿಂದ ಆರಂಭಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳನ್ನು ಅಲ್ಲಿ ನೋಡುತ್ತಾರೆ. ಮಾತು ಮತ್ತು ಶ್ರವಣದ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಲಿಕೆ ಮತ್ತು ವರ್ತನೆಯ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕಲಿಕಾ ನ್ಯೂನತೆಯನ್ನು ಸಾಮಾನ್ಯವಾಗಿ ಎಂಟನೇ ವಯಸ್ಸಿಗೆ ಮೊದಲು ಖಚಿತಪಡಿಸುವುದಿಲ್ಲ. ಹಾಗೆಂದು ಅಲ್ಲಿಯವರೆಗೆ ಸುಮ್ಮನೆ ಕೂರಬೇಡಿ. ‘ಮ’ ಮತ್ತು ‘ವ’ ಒಂದೇ ಎಂಬಂತೆ ಓದುವುದು, ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವುದು, ಬಾಯಲ್ಲಿ ಪೂರ್ತಿ ಹೇಳುವ ಕಥೆಯನ್ನು ಹಾಳೆಯ ಮೇಲೆ ಎರಡು ಸಾಲೂ ಬರೆಯಲಾಗದಿರುವುದು, ಇವನ್ನು ದಿನಾಂಕ ಹಾಕಿ ಬರೆದಿಡಿ. ಹಳೆಯ ನೋಟ್‌ಬುಕ್‌ಗಳನ್ನು ರದ್ದಿಗೆ ಹಾಕಬೇಡಿ. ಮೂರು ವರ್ಷದ ನೋಟ್‌ಬುಕ್ ಮುಂದಿಟ್ಟಾಗ ವೈದ್ಯರಿಗೂ ಶಿಕ್ಷಕರಿಗೂ ವಿವರಣೆ ಬೇಕಾಗುವುದಿಲ್ಲ.

ಫೈಲಿನಲ್ಲಿ ಇನ್ನೊಂದು ಕಾಗದ ಇರಬೇಕು. ಶಾಲೆಯ ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರವಿರುವ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆ) ದಾಖಲೆಯಲ್ಲಿ ನಿಮ್ಮ ಮಗು ವಿಶೇಷ ಅಗತ್ಯವುಳ್ಳ ಮಗು ಎಂದು ನಮೂದಾಗಿದೆಯೇ, ಯಾವ ಬಗೆಯ ನ್ಯೂನತೆ ಎಂದು ಸರಿಯಾಗಿ ಬರೆದಿದೆಯೇ? ಮುಖ್ಯ ಶಿಕ್ಷಕರ ಬಳಿ ಕೂತು ಕಂಪ್ಯೂಟರ್ ಪರದೆಯಲ್ಲೇ ನೋಡಿ ಖಚಿತಪಡಿಸಿಕೊಳ್ಳಿ. ಎಣಿಕೆಗೆ ಬಾರದ ಮಗುವಿಗೆ ಸಲಕರಣೆಯೂ ಬರುವುದಿಲ್ಲ, ಭತ್ಯೆಯೂ ಬರುವುದಿಲ್ಲ, ಹತ್ತನೇ ತರಗತಿಯಲ್ಲಿ ವಿನಾಯಿತಿ ಕೇಳುವಾಗಲೂ ತೊಡಕಾಗುತ್ತದೆ.

ಹೆಜ್ಜೆ 3: ಮಗುವನ್ನು ಒಂದು ಪುಟದಲ್ಲಿ ಪರಿಚಯಿಸಿ

ವೈದ್ಯರ ವರದಿ ಇಪ್ಪತ್ತು ಪುಟ ಇರಬಹುದು. ನಲವತ್ತು ಮಕ್ಕಳ ಜತೆಗೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣಾ ಕೆಲಸಗಳನ್ನೂ ಮಾಡುವ ಶಿಕ್ಷಕರು ಅದನ್ನು ಓದುವುದಿಲ್ಲ. ಓದಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಒಂದೇ ಪುಟ ಬರೆಯಿರಿ. ಮಗುವಿಗೆ ಏನು ಇಷ್ಟ, ಏನು ಚೆನ್ನಾಗಿ ಬರುತ್ತದೆ ಎಂಬುದು ಮೊದಲು ಬರಲಿ. ಆಮೇಲೆ ಯಾವುದು ಕಷ್ಟ, ಯಾವ ಹೊತ್ತಿನಲ್ಲಿ ಕಷ್ಟ, ಆಗ ಏನು ಮಾಡಿದರೆ ಸರಿಹೋಗುತ್ತದೆ, ಏನು ಮಾಡಬಾರದು. ಕೊನೆಯಲ್ಲಿ ಔಷಧ, ಮೂರ್ಛೆ, ಅಲರ್ಜಿಯ ವಿವರ ಮತ್ತು ತುರ್ತು ಸಂಪರ್ಕದ ಮೊಬೈಲ್ ಸಂಖ್ಯೆ.

ಪರಿಚಯದ ತಾಯಿಯೊಬ್ಬರು ಆಟಿಸಂ ಇರುವ ತಮ್ಮ ಮಗಳ ಬಗ್ಗೆ ಬರೆದ ಪುಟದಲ್ಲಿ ಹೀಗೊಂದು ಸಾಲಿತ್ತು: ‘ಗಂಟೆ ಬಾರಿಸುವ ಎರಡು ನಿಮಿಷ ಮೊದಲು ಅವಳಿಗೆ ಹೇಳಿ. ಹೇಳಿದರೆ ಕಿವಿ ಮುಚ್ಚಿಕೊಂಡು ಕೂರುತ್ತಾಳೆ. ಹೇಳದಿದ್ದರೆ ಹೊರಗೆ ಓಡುತ್ತಾಳೆ.’ ಆ ಸಾಲು ಓದಿದ ದಿನದಿಂದ ಮಗುವಿನ ಹಠ ಎಂದು ಎಲ್ಲರೂ ತಿಳಿದಿದ್ದ ಓಟ ನಿಂತಿತು. ಗಂಟೆ ಹೊಡೆಯುವ ಸಹಾಯಕಿಯೇ ಬಂದು ಹೇಳಿ ಹೋಗತೊಡಗಿದರಂತೆ.

ಹೆಜ್ಜೆ 4: ಪ್ರವೇಶ ನಿರಾಕರಿಸಿದರೆ

ಯಾರೂ ‘ಸೇರಿಸಿಕೊಳ್ಳುವುದಿಲ್ಲ’ ಎಂದು ನೇರವಾಗಿ ಹೇಳುವುದಿಲ್ಲ. ‘ನೋಡಿ ಅಮ್ಮ, ನಮಗೇನೂ ಅಭ್ಯಂತರವಿಲ್ಲ. ಆದರೆ ಇಲ್ಲಿ ಇವನನ್ನು ನೋಡಿಕೊಳ್ಳುವವರು ಯಾರು? ವಿಶೇಷ ಶಾಲೆಯಲ್ಲಿ ಇವನಿಗೇ ಅನುಕೂಲ’ ಎನ್ನುತ್ತಾರೆ. ದನಿಯಲ್ಲಿ ಕಾಳಜಿ ಇರುವುದರಿಂದ ಎದುರಾಡಲು ನಾಲಿಗೆ ಏಳುವುದಿಲ್ಲ. ನನಗೂ ಎದ್ದಿರಲಿಲ್ಲ.

ಆಗ ಮಾಡಬೇಕಾದದ್ದು ಇದು. ‘ಸರಿ ಸರ್, ಇದನ್ನೇ ಬರವಣಿಗೆಯಲ್ಲಿ ಕೊಡಿ’ ಎಂದು ಸಮಾಧಾನವಾಗಿ ಕೇಳಿ. ಹೆಚ್ಚಿನ ಕಡೆ ಮಾತು ಅಲ್ಲಿಗೇ ಬದಲಾಗುತ್ತದೆ, ಏಕೆಂದರೆ ಅಂತಹ ಕಾಗದಕ್ಕೆ ಸಹಿ ಹಾಕಲು ಯಾರೂ ಸಿದ್ಧರಿರುವುದಿಲ್ಲ. ಕೊಡದಿದ್ದರೆ ಅಂದೇ ಸಂಜೆ ನೀವೇ ಒಂದು ವಾಟ್ಸ್ಆ್ಯಪ್ ಸಂದೇಶವನ್ನೋ ಇ-ಮೇಲನ್ನೋ ಕಳಿಸಿ: ‘ಇಂದು ಬೆಳಿಗ್ಗೆ 11ಕ್ಕೆ ನನ್ನ ಮಗಳ ಪ್ರವೇಶಕ್ಕಾಗಿ ತಮ್ಮನ್ನು ಭೇಟಿಯಾದೆ. ವಿಶೇಷ ಶಿಕ್ಷಕರಿಲ್ಲದ ಕಾರಣ ಸೇರಿಸಿಕೊಳ್ಳಲಾಗದು ಎಂದು ತಾವು ತಿಳಿಸಿದಿರಿ. ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ದಯವಿಟ್ಟು ತಿದ್ದಿ.’ ಇದಕ್ಕೆ ಉತ್ತರ ಬಂದರೂ ಬಾರದಿದ್ದರೂ ನಿಮ್ಮ ಬಳಿ ದಿನಾಂಕವಿರುವ ದಾಖಲೆ ಉಳಿಯುತ್ತದೆ. ಎರಡು ದಿನ ಕಾದು ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ.

ಸಾಮಾನ್ಯ ಶಾಲೆಯೇ ಎಲ್ಲ ಮಕ್ಕಳಿಗೂ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಸಂಜ್ಞೆ ಭಾಷೆಯಲ್ಲೇ ಯೋಚಿಸುವ ಕಿವುಡ ಮಗುವಿಗೆ, ಸಂಜ್ಞೆ ಬಲ್ಲ ಒಬ್ಬರೂ ಇಲ್ಲದ ಶಾಲೆ ಬಹಳ ಒಂಟಿತನದ ಜಾಗ. ಅಂತಹ ಮಗುವಿನ ತಂದೆತಾಯಿ ವಿಶೇಷ ಶಾಲೆಯನ್ನು ಆರಿಸಿಕೊಂಡರೆ ಅದು ಸೋಲಲ್ಲ. ಆದರೆ ಆರಿಸಿಕೊಳ್ಳುವುದು ಬೇರೆ, ತಳ್ಳಿಸಿಕೊಳ್ಳುವುದು ಬೇರೆ. ಗೃಹಾಧಾರಿತ ಶಿಕ್ಷಣದ ವಿಷಯದಲ್ಲೂ ಈ ಎಚ್ಚರ ಬೇಕು. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಅದು ವರ. ಗಾಲಿಕುರ್ಚಿಯಲ್ಲಿ ಶಾಲೆಗೆ ಬರಬಲ್ಲ ಮಗುವನ್ನು ರ‍್ಯಾಂಪ್ ಇಲ್ಲವೆಂಬ ಕಾರಣಕ್ಕೆ ಮನೆಯಲ್ಲಿ ಕೂರಿಸಿದರೆ, ಹಾಜರಾತಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ.

ಹೆಜ್ಜೆ 5: ಯಾರು ಯಾರೆಂದು ತಿಳಿದುಕೊಳ್ಳಿ

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ನಿಮ್ಮ ಪಾಲಿನ ಮುಖ್ಯ ವ್ಯಕ್ತಿ ಬಿ.ಐ.ಇ.ಆರ್.ಟಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ, ಸಮನ್ವಯ ಶಿಕ್ಷಣದ ತರಬೇತಿ ಪಡೆದ ಶಿಕ್ಷಕರು ಇವರು. ಮಗುವಿನ ಮೌಲ್ಯಾಂಕನ, ವೈಯಕ್ತಿಕ ಕಲಿಕಾ ಯೋಜನೆ, ಗೃಹಾಧಾರಿತ ಶಿಕ್ಷಣ, ಸಲಕರಣೆ ವಿತರಣೆಯ ಶಿಬಿರ ಎಲ್ಲವೂ ಇವರ ಮೂಲಕವೇ ನಡೆಯುತ್ತವೆ. ಆದರೆ ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟೇ ಮಂದಿ ಇರುತ್ತಾರೆ. ಅವರು ಬರಲಿ ಎಂದು ಕಾಯದೆ ನೀವೇ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಪರಿಚಯ ಮಾಡಿಕೊಳ್ಳಿ. ನಿಮ್ಮ ಶಾಲೆಗೆ ಅವರು ಬರುವ ದಿನ ಯಾವುದೆಂದು ಕೇಳಿ ಬರೆದುಕೊಳ್ಳಿ.

ಅವರು ಸಾಲದು ಎಂಬುದೂ ನಿಜ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಕೊರತೆಯನ್ನು ಗಂಭೀರವಾಗಿ ಪರಿಗಣಿಸಿತು. ಒಂದರಿಂದ ಐದನೇ ತರಗತಿಯಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂಬ ಮಾನದಂಡವನ್ನು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆಯಾಗಿ ಹೊರಡಿಸಿತು. ನಿಮ್ಮ ಕ್ಲಸ್ಟರಿನ ಪೋಷಕರೆಲ್ಲ ಸೇರಿ ಅರ್ಜಿ ಕೊಡುವಾಗ ಈ ಸಂಖ್ಯೆಗಳನ್ನು ನಮೂದಿಸಿ.

ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ತಪ್ಪದೆ ಹೋಗಿ, ಸಾಧ್ಯವಾದರೆ ಸದಸ್ಯರಾಗಿ. ಶಾಲೆಯ ದುರಸ್ತಿಗೆ ಹಣ ಬಂದಾಗ ಅದು ಕಾಂಪೌಂಡ್ ಬಣ್ಣಕ್ಕೆ ಹೋಗಬೇಕೋ ರ‍್ಯಾಂಪಿಗೆ ಹೋಗಬೇಕೋ ಎಂದು ಚರ್ಚೆಯಾಗುವುದು ಅಲ್ಲಿ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಗಾಲಿಕುರ್ಚಿ, ಶ್ರವಣ ಸಾಧನದಂತಹವಕ್ಕೆ ಅಲ್ಲಿಯೂ ಅರ್ಜಿ ಕೊಡಬಹುದು. ಸಮಗ್ರ ಶಿಕ್ಷಣ ಯೋಜನೆಯಡಿ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ, ಪಾಠ ಓದಿ ಹೇಳುವವರಿಗಾಗಿ ಓದುಗರ ಭತ್ಯೆಗಳೂ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯ ಪ್ರೋತ್ಸಾಹಧನವೂ ಇವೆ. ಇವು ಕೇಳದೆ ಬರುವುದು ಅಪರೂಪ.

ಹೆಜ್ಜೆ 6: ವೈಯಕ್ತಿಕ ಕಲಿಕಾ ಯೋಜನೆಯ ಸಭೆ

ಜೂನ್ ತಿಂಗಳು ಮುಗಿಯುವುದರೊಳಗೆ ತರಗತಿ ಶಿಕ್ಷಕರು, ಮುಖ್ಯ ಶಿಕ್ಷಕರು, ಬಿ.ಐ.ಇ.ಆರ್.ಟಿ ಮತ್ತು ನೀವು ಒಟ್ಟಿಗೆ ಕೂರುವಂತೆ ಅರ್ಜಿ ಕೊಟ್ಟು ಕೇಳಿ. ಒಬ್ಬರೇ ಹೋಗಬೇಡಿ. ಗಂಡನೋ ಅಕ್ಕನೋ ನೆರೆಯವರೋ ಜತೆಗಿರಲಿ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಬರೆದುಕೊಳ್ಳಬೇಕು. ಕಣ್ಣಲ್ಲಿ ನೀರು ತುಂಬಿದಾಗ ಮಾತು ಮುಂದುವರಿಸುವವರೂ ಬೇಕು.

ಈ ಸಭೆಯಲ್ಲಿ ಗುರಿಗಳನ್ನು ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಇಡೀ ವರ್ಷ ನಿಂತಿರುತ್ತದೆ. ‘ಓದುವ ಸಾಮರ್ಥ್ಯ ಸುಧಾರಿಸುವುದು’ ಎಂದು ಬರೆದರೆ ಮಾರ್ಚ್‌ನಲ್ಲಿ ಸುಧಾರಿಸಿದೆ ಎಂದೇ ಬರೆಯುತ್ತಾರೆ. ಅದರ ಬದಲು ಹೀಗೆ ಬರೆಸಿ: ‘ದಸರಾ ರಜೆಯೊಳಗೆ ಒತ್ತಕ್ಷರವಿಲ್ಲದ ಮೂರಕ್ಷರದ 20 ಪದಗಳನ್ನು ಚಿತ್ರದ ನೆರವಿಲ್ಲದೆ ಓದುವುದು. ವಾರಕ್ಕೆ ನಾಲ್ಕು ದಿನ, ಬೆಳಗಿನ ಪ್ರಾರ್ಥನೆಯ ನಂತರ 20 ನಿಮಿಷ, ತರಗತಿ ಶಿಕ್ಷಕರು ಅಭ್ಯಾಸ ಮಾಡಿಸುವುದು.’ ಏನು, ಎಷ್ಟು, ಯಾವಾಗ, ಯಾರು, ಎಂದಿನೊಳಗೆ. ಈ ಐದಕ್ಕೂ ಉತ್ತರವಿಲ್ಲದ ಗುರಿಗೆ ಒಪ್ಪಬೇಡಿ. ವರ್ಷಕ್ಕೆ ನಾಲ್ಕು ಗುರಿ ಸಾಕು. ಹದಿನೈದು ಬರೆಸಿದರೆ ಒಂದೂ ನಡೆಯುವುದಿಲ್ಲ.

ಗುರಿಗಳ ಜತೆಗೆ ಹೊಂದಾಣಿಕೆಗಳ ಪಟ್ಟಿಯೂ ಬೇಕು. ದೃಷ್ಟಿ ಮಂದವಿರುವ ಮಗುವಿಗೆ ಕಪ್ಪುಹಲಗೆಯ ಹತ್ತಿರದ, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಜಾಗ. ಶ್ರವಣ ಸಾಧನ ಹಾಕಿದ ಮಗುವಿಗೆ ಶಿಕ್ಷಕರ ತುಟಿ ಕಾಣುವ ಜಾಗ, ಹಲಗೆಯ ಕಡೆ ತಿರುಗಿಕೊಂಡು ಪಾಠ ಹೇಳದಿರುವುದು. ಬರವಣಿಗೆ ನಿಧಾನವಿರುವ ಮಗುವಿಗೆ ಹಲಗೆಯ ಮೇಲಿನದನ್ನು ಪೂರ್ತಿ ನಕಲು ಮಾಡುವ ಬದಲು ಫೋಟೊ ತೆಗೆದುಕೊಳ್ಳುವ ಅವಕಾಶ, ಲೆಕ್ಕಕ್ಕೆ ಚೌಕುಳಿ ನೋಟ್‌ಬುಕ್, ಕಿರುಪರೀಕ್ಷೆಯಲ್ಲಿ ಬಾಯಿಮಾತಿನ ಉತ್ತರ. ಇವುಗಳಲ್ಲಿ ಯಾವುದಕ್ಕೂ ಅನುದಾನ ಬೇಕಿಲ್ಲ. ಸಭೆಯನ್ನು ಇಂತಹವುಗಳಿಂದಲೇ ಆರಂಭಿಸಿ, ಏಕೆಂದರೆ ಒಪ್ಪುವುದು ಸುಲಭವಾದ ನಾಲ್ಕಕ್ಕೆ ಒಪ್ಪಿದ ಮೇಲೆ ಐದನೆಯದಕ್ಕೆ ‘ಇಲ್ಲ’ ಎನ್ನುವುದು ಯಾರಿಗಾದರೂ ಕಷ್ಟ.

ಕನ್ನಡ ಸರ್ಕಾರಿ ಶಾಲೆಯ ಪೋಷಕರಿಗೆ ಒಂದು ಕಿವಿಮಾತು. ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿ ನಮ್ಮ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲೇ ಕಲಿಕಾ ಏಣಿಯ ಮೈಲಿಗಲ್ಲುಗಳನ್ನು ದಾಟುತ್ತದೆ. ಪಕ್ಕದ ಮಗು ಮುಂದೆ ಹೋದರೆ ನಿಮ್ಮ ಮಗು ಹಿಂದುಳಿದ ಲೆಕ್ಕವಲ್ಲ. ಕಷ್ಟ ಬರುವುದು ನಾಲ್ಕನೇ ತರಗತಿಯಲ್ಲಿ, ಏಣಿ ಹೋಗಿ ಎಲ್ಲರಿಗೂ ಒಂದೇ ಪಠ್ಯಪುಸ್ತಕ ಬಂದಾಗ. ಮೂರನೇ ತರಗತಿಯ ಕೊನೆಯಲ್ಲೇ, ಫೆಬ್ರುವರಿಯ ಹೊತ್ತಿಗೆ, ನಾಲ್ಕನೆಯದರ ಶಿಕ್ಷಕರನ್ನೂ ಕೂರಿಸಿಕೊಂಡು ಒಂದು ಸಭೆ ಮಾಡಿಸಿ. ನನ್ನ ಅನುಭವದಲ್ಲಿ ಶಾಲೆ ಬಿಡುವ ಮಕ್ಕಳು ಮನಸ್ಸಿನಲ್ಲಿ ಶಾಲೆ ಬಿಡುವುದು ಆ ವರ್ಷವೇ.

ಹೆಜ್ಜೆ 7: ಪತ್ರ ಬರೆಯುವ ರೀತಿ

ಪತ್ರ ಒಂದು ಪುಟ ಮೀರಬಾರದು. ಒಂದು ಪತ್ರದಲ್ಲಿ ಒಂದೇ ವಿಷಯ. ಸಿಟ್ಟು ಮೊದಲ ಕರಡಿನಲ್ಲಿ ಇರಲಿ, ಕಳಿಸುವ ಪ್ರತಿಯಲ್ಲಿ ಬೇಡ. ಮಾದರಿಗೆ:

ಇವರಿಗೆ,
ಮುಖ್ಯ ಶಿಕ್ಷಕರು, (ಶಾಲೆಯ ಹೆಸರು, ವಿಳಾಸ)

ಮಾನ್ಯರೇ,

ವಿಷಯ: 5ನೇ ತರಗತಿಯ ವಿದ್ಯಾರ್ಥಿ (ಹೆಸರು)ಗೆ ತರಗತಿ ಕೊಠಡಿಯನ್ನು ನೆಲಮಹಡಿಗೆ ಬದಲಾಯಿಸಿಕೊಡುವ ಕುರಿತು.

ನನ್ನ ಮಗನಿಗೆ ಚಲನ ನ್ಯೂನತೆ ಇದ್ದು, ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. ಈ ವರ್ಷ 5ನೇ ತರಗತಿ ಮೊದಲ ಮಹಡಿಯಲ್ಲಿದೆ. ಅವನು ದಿನಕ್ಕೆ ಮೂರು ಬಾರಿ 22 ಮೆಟ್ಟಿಲು ಹತ್ತಿ ಇಳಿಯಬೇಕಾಗಿದ್ದು, ಜೂನ್ 14 ಮತ್ತು 20ರಂದು ಬಿದ್ದಿದ್ದಾನೆ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಸೆಕ್ಷನ್ 16ರಂತೆ 5ನೇ ತರಗತಿಯನ್ನು ನೆಲಮಹಡಿಯ ಕೊಠಡಿಗೆ ಬದಲಾಯಿಸಿಕೊಡಬೇಕೆಂದು ಕೋರುತ್ತೇನೆ. ಹದಿನೈದು ದಿನಗಳೊಳಗೆ ತಮ್ಮ ತೀರ್ಮಾನವನ್ನು ಲಿಖಿತವಾಗಿ ತಿಳಿಸಲು ವಿನಂತಿ.

ತಮ್ಮ ವಿಶ್ವಾಸಿ,
(ಸಹಿ, ದಿನಾಂಕ, ಮೊಬೈಲ್ ಸಂಖ್ಯೆ)

ಗಮನಿಸಿ, ಇದರಲ್ಲಿ ಮೆಟ್ಟಿಲುಗಳ ಎಣಿಕೆ ಇದೆ, ಬಿದ್ದ ದಿನಾಂಕಗಳಿವೆ, ಪರಿಹಾರವನ್ನೂ ಹೇಳಿದೆ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಕಚೇರಿಗಳಲ್ಲಿ ಟಪಾಲು ವಿಭಾಗದಲ್ಲೇ ಕೊಡಿ. ಸಾಹೇಬರ ಕೈಗೆ ಕೊಟ್ಟ ಅರ್ಜಿ ಅವರ ಮೇಜಿನಲ್ಲೇ ಉಳಿಯಬಹುದು, ಟಪಾಲಿಗೆ ಬಂದದ್ದಕ್ಕೆ ಸಂಖ್ಯೆ ಬೀಳುತ್ತದೆ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಹೆಜ್ಜೆ 8: ಉತ್ತರ ಬಾರದಿದ್ದರೆ ಮೇಲಕ್ಕೆ ಹೋಗಿ

ಮುಖ್ಯ ಶಿಕ್ಷಕರ ನಂತರ ಕ್ಷೇತ್ರ ಶಿಕ್ಷಣಾಧಿಕಾರಿ, ಅವರ ನಂತರ ಜಿಲ್ಲೆಯ ಉಪನಿರ್ದೇಶಕರು. ಪ್ರತಿ ಹಂತಕ್ಕೆ ಹದಿನೈದು ದಿನ ಕೊಟ್ಟರೆ ಸಾಕು. ಹಿಂದಿನ ಪತ್ರಗಳ ಪ್ರತಿಗಳನ್ನು ಪ್ರತಿ ಸಲವೂ ಲಗತ್ತಿಸಿ. ದೂರು ಮಾತಿನಲ್ಲಿ ದಾಖಲಿಸಲು 1902 ಜನಸ್ಪಂದನ ಸಹಾಯವಾಣಿಯೂ ಇದೆ.

ಅಲ್ಲಿಗೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ಅಧಿನಿಯಮದ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸಿಕೊಳ್ಳುವ ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು. ಹೊಡೆತ, ಅವಮಾನ, ಶಾಲೆಯಿಂದ ಹೊರಗಟ್ಟುವಂತಹ ವಿಷಯಗಳಿಗೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಮಕ್ಕಳಿಗೆ, ವಿಕಲಚೇತನರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ಮಾಹಿತಿ ಹಕ್ಕು ಅರ್ಜಿಯನ್ನೂ ಬಳಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ನಮ್ಮ ತಾಲ್ಲೂಕಿನಲ್ಲಿ ಮಂಜೂರಾದ ಬಿ.ಐ.ಇ.ಆರ್.ಟಿ ಹುದ್ದೆಗಳೆಷ್ಟು, ಖಾಲಿ ಎಷ್ಟು’ ಎಂಬ ಒಂದು ಪ್ರಶ್ನೆಗೆ ಬಂದ ಉತ್ತರ, ಹತ್ತು ಮನವಿಗಳಿಗಿಂತ ಹೆಚ್ಚು ಕೆಲಸ ಮಾಡಿದ್ದನ್ನು ಕಂಡಿದ್ದೇನೆ.

ಆದರೆ ದೂರು ಕೊಟ್ಟ ಮರುದಿನವೂ ನಿಮ್ಮ ಮಗು ಅದೇ ಶಿಕ್ಷಕರ ಮುಂದೆ ಕೂರಬೇಕು. ಆದ್ದರಿಂದ ಮೇಲಕ್ಕೆ ಹೋಗುವ ಮುನ್ನ ಶಿಕ್ಷಕರಿಗೆ ತಿಳಿಸಿ ಹೋಗಿ. ‘ಮೇಡಂ, ಇದು ನಿಮ್ಮ ಮೇಲಿನ ದೂರಲ್ಲ. ನಿಮಗೆ ಸಹಾಯ ಕೊಡಿ ಎಂದು ಇಲಾಖೆಯನ್ನು ಕೇಳುತ್ತಿದ್ದೇನೆ’ ಎಂದು ನಾನು ಹೇಳಿದಾಗ, ಒಬ್ಬ ಶಿಕ್ಷಕಿ ತಮ್ಮ ಹೆಸರಿನಲ್ಲೂ ಒಂದು ಮನವಿ ಬರೆದು ನನ್ನ ಕೈಗೇ ಕೊಟ್ಟು ಕಳಿಸಿದರು. ಒಳ್ಳೆಯದು ಮಾಡಿದಾಗ ಧನ್ಯವಾದವನ್ನೂ ಬರವಣಿಗೆಯಲ್ಲೇ ತಿಳಿಸಿ, ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೂ ಹೋಗಲಿ.

ಹೆಜ್ಜೆ 9: ಎಸ್‌ಎಸ್‌ಎಲ್‌ಸಿಗೆ ಎಂಟನೇ ತರಗತಿಯಲ್ಲೇ ಸಿದ್ಧರಾಗಿ

ಹೆಚ್ಚುವರಿ ಸಮಯ, ಲಿಪಿಕಾರರು, ಭಾಷಾ ವಿನಾಯಿತಿ, ಗಣಿತ ಮತ್ತು ವಿಜ್ಞಾನಕ್ಕೆ ಬದಲಿ ವಿಷಯಗಳು ಇವೆಲ್ಲ ನ್ಯೂನತೆಯ ಬಗೆಗೆ ತಕ್ಕಂತೆ ಸಿಗುತ್ತವೆ. ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಅರ್ಜಿ ಹೋಗಬೇಕು. ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನವೀಕರಿಸಲು ತಿಂಗಳುಗಳೇ ಹಿಡಿಯಬಹುದು. ಎಂಟನೇ ತರಗತಿಯಲ್ಲೇ ಆರಂಭಿಸಿ ಎನ್ನುವುದು ಇದಕ್ಕೇ. ಹೆಚ್ಚುವರಿ ಸಮಯದ ಬಗ್ಗೆ ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಎಂದಿತ್ತು.

ಲಿಪಿಕಾರರನ್ನು ಪಡೆಯುವುದು ಅರ್ಧ ಕೆಲಸ. ಅವರೊಂದಿಗೆ ಬರೆಸುವುದು ಒಂದು ವಿದ್ಯೆ. ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿ, ನಿಧಾನವಾಗಿ ಹೇಳಿ, ‘ಇಲ್ಲಿ ಹೊಸ ಸಾಲು’ ಎಂದು ಸೂಚಿಸಿ, ಚಿತ್ರದ ಭಾಗಗಳನ್ನು ಬಾಯಲ್ಲೇ ವಿವರಿಸಬೇಕು. ಒಂಬತ್ತನೇ ತರಗತಿಯ ಎಲ್ಲ ಕಿರುಪರೀಕ್ಷೆಗಳಲ್ಲೂ ಅಭ್ಯಾಸವಾಗಲಿ.

ಗಣಿತ ಬಿಡಿಸುವ ಮುನ್ನ ಹತ್ತು ಸಲ ಯೋಚಿಸಿ. ಆ ಕ್ಷಣಕ್ಕೆ ಹಗುರವೆನಿಸುತ್ತದೆ, ಆದರೆ ಪಿಯುಸಿ ವಿಜ್ಞಾನ, ಡಿಪ್ಲೊಮಾದಂತಹ ಬಾಗಿಲುಗಳು ಅಲ್ಲೇ ಮುಚ್ಚುತ್ತವೆ. ಲೆಕ್ಕ ಅರ್ಥವಾಗಿ, ಬರೆಯಲು ಮಾತ್ರ ಕಷ್ಟಪಡುವ ಮಗುವಿಗೆ ಬೇಕಾದದ್ದು ಸಮಯ, ವಿನಾಯಿತಿಯಲ್ಲ. ಅಂಕಿಗಳೇ ಅರ್ಥವಾಗದೆ ರಾತ್ರಿ ನಿದ್ದೆ ಬಿಡುವ ಮಗುವಿಗೆ ಬದಲಿ ವಿಷಯ ದೊಡ್ಡ ಬಿಡುಗಡೆ. ಇಬ್ಬರೂ ಒಂದೇ ಅಲ್ಲ.

ಹೆಜ್ಜೆ 10: ಮಗುವನ್ನೂ ಸಭೆಗೆ ಕೂರಿಸಿ

ಹತ್ತು ಹನ್ನೊಂದರ ಹೊತ್ತಿಗೆ ಮಗುವಿಗೆ ತನ್ನ ಸ್ಥಿತಿಯ ಹೆಸರು ಗೊತ್ತಿರಬೇಕು, ಅದನ್ನು ಹೇಳಲು ನಾಚಿಕೆ ಇರಬಾರದು. ಮೊದಲು ಮನೆಯಲ್ಲಿ ಅಭ್ಯಾಸ ಮಾಡಿಸಿ: ‘ಸರ್, ನನಗೆ ಬರೆಯಲು ಇನ್ನೂ ಐದು ನಿಮಿಷ ಬೇಕು.’ ಮಾತನಾಡಲಾಗದ ಮಗುವಿಗೆ ಚಿತ್ರದ ಕಾರ್ಡು, ಕೈಸನ್ನೆ, ಮೊಬೈಲಿನ ಧ್ವನಿ ಏನಾದರೂ ಆದೀತು.

ಕಳೆದ ವರ್ಷ ಏಳನೇ ತರಗತಿಯ ಸಭೆಗೆ ಮಗನನ್ನು ಮೊದಲ ಬಾರಿ ಕರೆದೊಯ್ದೆ. ನನ್ನ ಪಟ್ಟಿಯಲ್ಲಿ ಏಳು ವಿಷಯಗಳಿದ್ದವು: ಮೇಜಿನ ಇಳಿಜಾರು, ಹೆಚ್ಚುವರಿ ಸಮಯ, ದೈಹಿಕ ಶಿಕ್ಷಣದ ತರಗತಿಯಲ್ಲಿ ಅವನ ಪಾತ್ರ, ಹೀಗೆ. ಎಲ್ಲ ಮುಗಿದ ಮೇಲೆ ತರಗತಿ ಶಿಕ್ಷಕರು ಅವನ ಕಡೆ ತಿರುಗಿ, ‘ನಿನಗೇನಾದರೂ ಬೇಕೇನಪ್ಪ?’ ಎಂದು ಕೇಳಿದರು. ಅವನು ಸ್ವಲ್ಪ ಹೊತ್ತು ನೆಲ ನೋಡಿ, ತನ್ನ ತೊದಲು ಮಾತಿನಲ್ಲಿ, ‘ಪಾಠ ಓದಲು ನನ್ನನ್ನೂ ಎಬ್ಬಿಸಿ ಸರ್. ಎಲ್ಲರನ್ನೂ ಎಬ್ಬಿಸುತ್ತೀರಿ, ನನ್ನನ್ನು ಬಿಡುತ್ತೀರಿ’ ಎಂದ. ಶಿಕ್ಷಕರು ಪೆನ್ನು ತೆಗೆದು ನನ್ನ ಪಟ್ಟಿಯ ಕೆಳಗೆ ತಾವೇ ಎಂಟನೆಯದಾಗಿ ಅದನ್ನು ಬರೆದುಕೊಂಡರು.